ಕ್ರೀಮ್ಡ್ ಕಾರ್ನ್

ಕ್ರೀಮ್ಡ್ ಕಾರ್ನ್ ಎಂಬುದು ಎಳೆಯ ಸಿಹಿ ಮೆಕ್ಕೆಜೋಳದ ಕಾಳುಗಳನ್ನೂ ಅವುಗಳಿಂದ ಹೊರಡುವ ಹಾಲಿನಂಥ ರಸವನ್ನೂ ಸೇರಿಸಿ ಬೇಯಿಸಿದ ಗಟ್ಟಿಯಾದ ಖಾದ್ಯ. ಇದು ಅಮೆರಿಕ ಸಂಯುಕ್ತ ಸಂಸ್ಥಾನದ ಮಧ್ಯಪಶ್ಚಿಮ ಹಾಗೂ ದಕ್ಷಿಣ ಪ್ರಾಂತ್ಯಗಳ ಅಡುಗೆಗೆ ಸೇರಿದ್ದು, ಮುಖ್ಯ ಊಟದ ಜೊತೆಗೆ ವ್ಯಂಜನವಾಗಿ ಬಡಿಸಲ್ಪಡುತ್ತದೆ. ಮೆಕ್ಕೆಜೋಳವನ್ನು ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೋದ ಮೂಲನಿವಾಸಿಗಳು ಕೃಷಿಗೆ ಒಗ್ಗಿಸಿದರು. ಯುರೋಪಿನಿಂದ ಬಂದ ವಲಸಿಗರು ಈ ಬೆಳೆಯನ್ನೂ ಅದರ ಬಳಕೆಯನ್ನೂ ಅಮೆರಿಕದ ಮೂಲನಿವಾಸಿಗಳಿಂದ ಕಲಿತರು.

ಹೆಸರು

ಹೆಸರಿನಲ್ಲಿ ಕೆನೆ ಇದ್ದರೂ ಈ ಖಾದ್ಯಕ್ಕೆ ಕೆನೆ ಅನಿವಾರ್ಯವಲ್ಲ. ಡಬ್ಬಿಗಳಲ್ಲಿ ಮಾರಾಟವಾಗುವ 'ಕ್ರೀಮ್ ಸ್ಟೈಲ್' ಜೋಳದಲ್ಲಿ ಸಾಮಾನ್ಯವಾಗಿ ಜೋಳ, ನೀರು, ಸಕ್ಕರೆ, ಉಪ್ಪು ಮತ್ತು ಪಿಷ್ಟ ಮಾತ್ರ ಇರುತ್ತವೆ. ಭಾರತದ ಹೋಟೆಲುಗಳ ಸ್ವೀಟ್ ಕಾರ್ನ್ ಸೂಪಿಗೆ ಅನೇಕ ವೇಳೆ ಇದೇ ಆಧಾರ. ಅಮೆರಿಕದ ದಕ್ಷಿಣದಲ್ಲಿ ಹಂದಿಯ ಕೊಬ್ಬು ಅಥವಾ ಬೆಣ್ಣೆಯಲ್ಲಿ ಬಾಣಲೆಯಲ್ಲಿ ಬೇಯಿಸಿದ ಇಂಥದೇ ಖಾದ್ಯವನ್ನು 'ಫ್ರೈಡ್ ಕಾರ್ನ್' ಎನ್ನುತ್ತಾರೆ.

ಗಟ್ಟಿಯಾಗುವ ಕಾರಣ

ಹಾಲುಗಾಳಿನ ಹಂತದಲ್ಲಿರುವ ಕಾಳಿನೊಳಗಿನ ರಸದಲ್ಲಿ ಸಕ್ಕರೆ, ಪಿಷ್ಟ ಮತ್ತು ನೀರಿನಲ್ಲಿ ಕರಗುವ ಫೈಟೋಗ್ಲೈಕೋಜೆನ್ ಎಂಬ ಶರ್ಕರಪಿಷ್ಟ ಇರುತ್ತವೆ. ರಸವನ್ನು ಕಾಯಿಸಿದಾಗ ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬುತ್ತವೆ. ಕೆನೆಯಂಥ ಹದ ಹೀಗೆ ಜೋಳದಿಂದಲೇ ಬರುತ್ತದೆ.

ಸಾಂಪ್ರದಾಯಿಕ ಸಿಹಿ ಜೋಳವನ್ನು ಕೊಯ್ದ ಕೂಡಲೆ ಅದರ ಸಕ್ಕರೆ ಪಿಷ್ಟವಾಗಿ ಬದಲಾಗತೊಡಗುತ್ತದೆ. ಬಿಸಿಲಿನಲ್ಲಿ ಈ ಬದಲಾವಣೆ ಇನ್ನೂ ವೇಗವಾಗುತ್ತದೆ. ಆದ್ದರಿಂದ ಕೊಯ್ದ ದಿನವೇ ಅಡುಗೆ ಮಾಡುವುದು ಉತ್ತಮ. ಇಲಿನಾಯ್ ವಿಶ್ವವಿದ್ಯಾನಿಲಯದ ಜಾನ್ ಲಾಫ್ನನ್ 1950ರ ದಶಕದಲ್ಲಿ ಗುರುತಿಸಿದ 'ಸೂಪರ್‌ಸ್ವೀಟ್' ಗುಣವುಳ್ಳ ತಳಿಗಳು ಹೆಚ್ಚು ದಿನ ಸಿಹಿಯಾಗಿ ಉಳಿಯುತ್ತವೆ. ಆದರೆ ಅವುಗಳಲ್ಲಿ ಫೈಟೋಗ್ಲೈಕೋಜೆನ್ ಮತ್ತು ಪಿಷ್ಟ ಕಡಿಮೆ ಇರುವುದರಿಂದ ಖಾದ್ಯ ತೆಳ್ಳಗಾಗುತ್ತದೆ. ಇಂಥ ಜೋಳಕ್ಕೆ ಸ್ವಲ್ಪ ಕಾರ್ನ್‌ಫ್ಲೋರ್ ಬೇಕಾಗಬಹುದು.

ದಾವಣಗೆರೆ, ಹಾವೇರಿ ಮೊದಲಾದ ಜಿಲ್ಲೆಗಳಲ್ಲಿ ಬೆಳೆಯುವ ಮೆಕ್ಕೆಜೋಳ ಬಹುಪಾಲು ಒಣಕಾಳಿಗಾಗಿ ಬೆಳೆದದ್ದು. ಅದರ ಬಲಿತ ಕಾಳು ಈ ಅಡುಗೆಗೆ ಒದಗುವುದಿಲ್ಲ. ಹಾಲುಗಾಳಿರುವಾಗ ಕಿತ್ತ ತೆನೆಯನ್ನು ಬಳಸಬಹುದಾದರೂ ಸಿಹಿ ಕಡಿಮೆ ಇರುತ್ತದೆ. ಕಾಳನ್ನು ಉಗುರಿನಿಂದ ಚುಚ್ಚಿದಾಗ ಬಿಳಿಯ ಹಾಲು ಚಿಮ್ಮಿದರೆ ತೆನೆ ಹದವಾಗಿದೆ ಎಂದರ್ಥ.

ಸಾಮಗ್ರಿಗಳು

ನಾಲ್ಕು ಮಂದಿಗೆ: ಮಧ್ಯಮ ಗಾತ್ರದ 6 ತೆನೆಗಳು, ಬೆಣ್ಣೆ 2 ಟೇಬಲ್ ಚಮಚ, ಹಾಲು ಅಥವಾ ನೀರು ಅರ್ಧ ಲೋಟ, ಉಪ್ಪು ಅರ್ಧ ಟೀ ಚಮಚ, ಕಾಳುಮೆಣಸಿನ ಪುಡಿ ಸ್ವಲ್ಪ. ಜೋಳ ಸಪ್ಪೆಯಾಗಿದ್ದರೆ 1 ಟೀ ಚಮಚ ಸಕ್ಕರೆ.

ತಯಾರಿಸುವ ವಿಧಾನ

1. ತೆನೆಯ ಸಿಪ್ಪೆಯನ್ನೂ ಕೂದಲನ್ನೂ ತೆಗೆದು ತೊಳೆಯಬೇಕು.
2. ತೆನೆಯನ್ನು ಅಗಲವಾದ ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಿ, ಹರಿತವಾದ ಚಾಕುವಿನಿಂದ ಕಾಳುಗಳನ್ನು ಅರ್ಧ ಆಳಕ್ಕೆ ಮಾತ್ರ ಮೇಲಿಂದ ಕೆಳಕ್ಕೆ ಕೊಯ್ಯಬೇಕು.
3. ಚಾಕುವಿನ ಹಿಂಬದಿಯಿಂದ ದಿಂಡನ್ನು ಒತ್ತಿ ಹೆರೆದು, ಉಳಿದ ತಿರುಳನ್ನೂ ರಸವನ್ನೂ ಅದೇ ಪಾತ್ರೆಗೆ ಇಳಿಸಬೇಕು. ಈ ಹಂತವನ್ನು ಬಿಟ್ಟರೆ ಖಾದ್ಯ ಗಟ್ಟಿಯಾಗುವುದಿಲ್ಲ.
4. ದಪ್ಪ ತಳದ ಬಾಣಲೆಯಲ್ಲಿ ಬೆಣ್ಣೆ ಕರಗಿಸಿ, ಜೋಳ, ಹಾಲು ಮತ್ತು ಉಪ್ಪು ಹಾಕಿ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಬೇಯಿಸಬೇಕು. ಸಕ್ಕರೆ, ಪಿಷ್ಟಗಳಿಂದಾಗಿ ಬೇಗ ತಳ ಹಿಡಿಯುವುದರಿಂದ ಕೈಯಾಡಿಸುತ್ತಿರಬೇಕು.
5. ಕಾರ್ನ್‌ಫ್ಲೋರ್ ಬೇಕಾದರೆ 1 ಟೀ ಚಮಚದಷ್ಟನ್ನು ತಣ್ಣೀರಿನಲ್ಲಿ ಕದಡಿ ಸೇರಿಸಬೇಕು. ಕೊನೆಯಲ್ಲಿ ಮೆಣಸಿನ ಪುಡಿ ಉದುರಿಸಬೇಕು.

ಹಾಲು ಒಗ್ಗದವರು ನೀರನ್ನೂ ಬೆಣ್ಣೆಯ ಬದಲು ಅಡುಗೆ ಎಣ್ಣೆಯನ್ನೂ ಬಳಸಬಹುದು.

ಸಂರಕ್ಷಣೆ

ಉಳಿದುದನ್ನು 2 ಗಂಟೆಯೊಳಗೆ ಫ್ರಿಜ್ಜಿನಲ್ಲಿ ಇಟ್ಟು 3-4 ದಿನಗಳಲ್ಲಿ ಮುಗಿಸಬೇಕು. ದೀರ್ಘಕಾಲ ಇಡಲು ಫ್ರೀಜರ್ ಸುಲಭವಾದ ಮಾರ್ಗ.

ಬಿಸಿಯಾಗಿರುವಾಗಲೇ ಸೀಸೆಗೆ ತುಂಬಿ ಬಿಗಿಯಾಗಿ ಮುಚ್ಚಿ ಹೊರಗೆ ಇಡುವುದು ಅಪಾಯಕರ. ಜೋಳದಲ್ಲಿ ಆಮ್ಲದ ಅಂಶ ಕಡಿಮೆ. ಗಾಳಿಯಾಡದ ಸೀಸೆಯೊಳಗೆ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯ ಬೆಳೆದು ಮಾರಕ ವಿಷವನ್ನು ಉತ್ಪಾದಿಸಬಲ್ಲದು. ಆಹಾರದ ರುಚಿ, ವಾಸನೆಗಳಿಂದ ಈ ವಿಷವನ್ನು ಪತ್ತೆ ಮಾಡಲಾಗದು. ಕುದಿಯುವ ನೀರಿನ ಉಷ್ಣತೆಯಲ್ಲಿ ಇದರ ಬೀಜಾಣುಗಳು ಸಾಯುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಮಾರ್ಗಸೂಚಿಯಂತೆ, ಇದನ್ನು ಸುಮಾರು ಅರ್ಧ ಲೀಟರಿನ ಪೈಂಟ್ ಸೀಸೆಗಳಲ್ಲಿ ಮಾತ್ರ ತುಂಬಿ, ಇದಕ್ಕೆಂದೇ ಇರುವ ಒತ್ತಡದ ಪಾತ್ರೆಯಲ್ಲಿ 85 ನಿಮಿಷ ಸಂಸ್ಕರಿಸಬೇಕು. ಮಿಶ್ರಣ ಗಟ್ಟಿಯಾಗಿರುವುದರಿಂದ ಬಿಸಿ ಸೀಸೆಯ ನಡುಭಾಗವನ್ನು ನಿಧಾನವಾಗಿ ತಲುಪುತ್ತದೆ; ಆದ್ದರಿಂದ ಅದಕ್ಕಿಂತ ದೊಡ್ಡ ಸೀಸೆಗಳನ್ನು ಬಳಸಬಾರದು. ಮನೆಯ ಸಾಮಾನ್ಯ ಕುಕ್ಕರ್ ಈ ಕೆಲಸಕ್ಕೆ ಸಾಲದು.