ಪಂಪ್‌ಸೆಟ್ಟು ಮತ್ತು ವಿದ್ಯುದಾಘಾತ

ನೀರಾವರಿ ಪಂಪಿಗೆ ಬರುವ ಮೂರು ಫೇಸಿನ ವಿದ್ಯುತ್ತಿನ ಒತ್ತಡ ಸುಮಾರು 400 ವೋಲ್ಟ್. ಒದ್ದೆಯಾದ ಚರ್ಮವು ವಿದ್ಯುತ್ತನ್ನು ಸುಲಭವಾಗಿ ಒಳಬಿಡುವುದರಿಂದ ಒದ್ದೆಗೈಯಲ್ಲಿ, ಬರಿಗಾಲಿನಲ್ಲಿ ಸ್ಟಾರ್ಟರನ್ನು ಮುಟ್ಟಬಾರದು. ಮೋಟಾರಿಗೆ ಅರ್ತಿಂಗ್ ಇರಲೇಬೇಕು.

ಪತಿಗೆ ಆಘಾತ ತಗುಲಿದಾಗ ಪತ್ನಿ, ಪತ್ನಿಗೆ ತಗುಲಿದಾಗ ಪತಿ ಓಡಿಹೋಗಿ ಹಿಡಿದೆಳೆಯುವುದು ಸಹಜ. ಇದರಿಂದ ಇಬ್ಬರ ಪ್ರಾಣಕ್ಕೂ ಅಪಾಯವುಂಟು, ಮಕ್ಕಳು ಅನಾಥರಾದಾರು. ಮೊದಲು ಮೇನ್ ಸ್ವಿಚ್ಚನ್ನು ಆರಿಸಿರಿ. ಅದಾಗದಿದ್ದರೆ ಒಣನೆಲದ ಮೇಲೆ ನಿಂತು ಒಣಗಿದ ಮರದ ಕೋಲಿನಿಂದ ಪಂಪಿನ ತಂತಿಯನ್ನು ಸರಿಸಿರಿ. ಕಂಬದಿಂದ ಹರಿದುಬಿದ್ದ ತಂತಿಯಾದರೆ ಸಮೀಪಿಸದೆ 1912ಕ್ಕೆ ತಿಳಿಸಿರಿ.

ಬಿಡಿಸಿದ ಬಳಿಕ ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತಿರಿ, 108ಕ್ಕೆ ಕರೆಮಾಡಿಸಿರಿ. ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸುವುದು ಅವಶ್ಯ.

ಮೇನ್ ಸ್ವಿಚ್ಚು ಎಲ್ಲಿದೆ, ಅದನ್ನು ಆರಿಸುವುದು ಹೇಗೆ ಎಂಬುದನ್ನು ದಂಪತಿಗಳಿಬ್ಬರೂ ಇಂದೇ ಅರಿತುಕೊಳ್ಳಿರಿ.