ಬೆಳೆ ಕಾಯುವ ಬಂದೂಕಿಗೆ ಹೊಸ ನಳಿಗೆ: ರೊಕ್ಕ ಹಾಕುವ ಮುಂಚೆ ಇಷ್ಟು ನೋಡ್ರಿ

ಗೋವಿನಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ನಮ್ಮ ಮಮದಾಪುರದ ಕಡೆ ಹಂದಿಯದೇ ಮಾತು. ಆದಿಲಶಾಹಿ ಕಾಲದ ಕೆರೆಗಳ ಸುತ್ತ ಜಾಲಿ ಕಂಟಿ, ಅದರ ಆಚೆ ಕಬ್ಬು. ಹಗಲು ಅಡಗಲು ಹಂದಿಗೆ ಇನ್ನೇನು ಬೇಕು? ಹಳೇ ಮನೆತನಗಳ ಬೆಳೆ ರಕ್ಷಣೆ ಬಂದೂಕುಗಳು ಟ್ರಂಕಿನಿಂದ ಹೊರಗೆ ಬರೋದು ಆಗಲೇ. ತೆಗೆದು ನೋಡಿದರೆ ನಳಿಗೆ ಒಳಗೆ ತುಕ್ಕು ಹಿಡಿದು ಕುಳಿ ಬಿದ್ದಿರ್ತಾವೆ.

ಆಗ ಎರಡು ಸಲಹೆ ಬರ್ತಾವೆ. ಒಬ್ಬರು, "ಲೇಥಿನ್ಯಾಗ ಪೈಪ್ ಕೊರಸಿ ಹಾಕಸ್ರಿ" ಅಂತಾರೆ. ಇನ್ನೊಬ್ಬರು, "ಪಾಯಿಂಟ್ 22 ರೈಫಲ್ ನಳಗಿ ಹಾಕಸ್ರಿ, ಗುರಿ ಚೊಲೊ ಬರ್ತದ" ಅಂತಾರೆ. ಎರಡೂ ಬೇಡ. ಯಾಕೆ ಬೇಡ ಅನ್ನೋದನ್ನ ಬಿಡಿಸಿ ಹೇಳ್ತೀನಿ.

ನಳಿಗೆ ಅಂದ್ರೆ ಬರೀ ಪೈಪ್ ಅಲ್ಲ

ದ್ರಾಕ್ಷಿಗೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪಿನ ಒತ್ತಡ ಚದರ ಸೆಂಟಿಮೀಟರಿಗೆ 20ರಿಂದ 30 ಕಿಲೋ. ಆ ಪೈಪ್ ಒಡೆದರೇ ಮೈಮೇಲೆ ಬರೆ ಬೀಳ್ತದೆ. 12 ಬೋರಿನ ತೋಟಾ ಸಿಡಿದಾಗ ನಳಿಗೆ ಒಳಗಿನ ಒತ್ತಡ 500 ಕಿಲೋ ದಾಟಬಹುದು, ಅದೂ ನಿಮ್ಮ ಎಡಗೈ, ಮುಖದ ಪಕ್ಕದಲ್ಲೇ. ಇದನ್ನು ತಡೆಯಲು ತಕ್ಕ ಉಕ್ಕು ಬೇಕು, ಹೆಚ್ಚಿನ ಒತ್ತಡದ ತೋಟಾ ಹಾರಿಸಿ ಪರೀಕ್ಷೆ ಮಾಡಿದ ಪ್ರೂಫ್ ಮುದ್ರೆಯೂ ಬೇಕು. ಲೇಥಿನ ಪೈಪಿಗೆ ಎರಡೂ ಇರೋದಿಲ್ಲ.

ಕಾನೂನೂ ಹಾಗೇ ನೋಡ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಲೈಸೆನ್ಸ್ ಇಲ್ಲದವರು ನಳಿಗೆ ಮಾಡಿಕೊಟ್ಟರೆ ಅಪರಾಧ, ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು. ತುದಿ ಕೆಟ್ಟಿದೆ ಅಂತ ನಳಿಗೆ ಕತ್ತರಿಸಿ ಗಿಡ್ಡ ಮಾಡೋದಕ್ಕೆ 6ನೇ ಸೆಕ್ಷನ್ ಅಡ್ಡ ನಿಲ್ತದೆ.

ಬದಲಿಸಬೇಕಾ? ಮನೆಯಲ್ಲೇ ನೋಡಿ

ಮೊದಲು ಬಂದೂಕು ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಆಮೇಲೆ ನಳಿಗೆ ಬಿಚ್ಚಿ.

1. ತೋಟಾ ಹಾಕುವ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ. ಒಳಗೆ ಉಂಗುರ ಉಂಗುರವಾಗಿ ಬೆಳಕು ಕಾಣಬೇಕು. ಉಂಗುರ ಸೊಟ್ಟ ಕಂಡರೆ ನಳಿಗೆ ನೆಗ್ಗಿದೆ ಇಲ್ಲವೇ ಉಬ್ಬಿದೆ.
2. ಕಪ್ಪು ಕಲೆ ಬೇರೆ, ಕುಳಿ ಬೇರೆ. ಎಣ್ಣೆ ಬಟ್ಟೆಯಿಂದ ತಿಕ್ಕಿದರೆ ಹೋಗೋದು ಕಲೆ. ಹೋಗದೇ ಆಳ ಇರೋದು ಕುಳಿ. ತೋಟಾ ಕೂರುವ ಜಾಗದ ಹತ್ತಿರ ಕುಳಿ ಇದ್ದರೆ ಬಳಸಲೇಬೇಡಿ.
3. ಜೋಡುನಳಿಗೆಯನ್ನು ದಾರದಿಂದ ತೂಗುಬಿಟ್ಟು ಬೆರಳಗಂಟಿನಿಂದ ತಟ್ಟಿ. ಗುಡಿ ಗಂಟೆಯಂಗೆ ನಾದ ಬಂದರೆ ಬೆಸುಗೆ ಗಟ್ಟಿ. ಒಡಕು ದನಿ ಬಂದರೆ ಬೆಸುಗೆ ಬಿಟ್ಟಿದೆ.
4. ನಳಿಗೆ ಮೇಲೆ ಕಟ್ಟಿಗೆಯ ಎಳೆಯಂತೆ ಸುರುಳಿ ಗೆರೆ ಕಂಡರೆ ಅದು ಹಳೇ ಡಮಾಸ್ಕಸ್ ನಳಿಗೆ. ಕಪ್ಪು ಮದ್ದಿನ ಕಾಲದ್ದು. ಈಗಿನ ತೋಟಾ ಹಾಕಬಾರದು.

ಮನೆಯ ಪರೀಕ್ಷೆಯಲ್ಲಿ ಪಾಸಾದರೂ ಕಡೇ ಮಾತು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರದ್ದು. ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಅಳೆಯೋ ಸಾಧನ ಅವರ ಹತ್ರ ಇರ್ತದೆ.

ಹೊಸದು ಆರಿಸುವಾಗ

ಲೈಸೆನ್ಸಿನಲ್ಲಿ ಇರುವ ಬೋರೇ ಇರಬೇಕು. ಉದ್ದ 20 ಇಂಚಿಗಿಂತ ಕಡಿಮೆ ಇರಬಾರದು. ತೋಟಾ ಕೂರುವ ಜಾಗದ ಅಳತೆ ಕೇಳಿ: 65 ಮಿ.ಮೀ. ಜಾಗದಲ್ಲಿ 70 ಮಿ.ಮೀ. ತೋಟಾ ಸಲೀಸಾಗಿ ಕೂಡ್ತದೆ, ಆದ್ರೆ ಹಾರಿಸಿದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಎಡೆ ಸಿಗದೆ ಒತ್ತಡ ಏರ್ತದೆ. ಪ್ರೂಫ್ ಮುದ್ರೆ, ನಂಬರು, ಬಿಲ್ಲು ಮೂರೂ ಇಲ್ಲದೆ ರೊಕ್ಕ ಕೊಡಬೇಡಿ. ಬಿಚ್ಚುವ ಮುಂಚೆಯೇ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಲ್ಲಿ ಕೇಳಿ. ನಂಬರು ಬದಲಾಗಿ ಲೈಸೆನ್ಸಿನಲ್ಲಿ ಹಳೇದೇ ಉಳಿದರೆ ತೊಂದರೆ ನಿಮಗೇ.

ಜೋಡುನಳಿಗೆಯಲ್ಲಿ ಒಂದನ್ನೇ ಬಿಚ್ಚಿ ಬದಲಿಸಲು ಬರೋದಿಲ್ಲ, ಎರಡೂ ಕೂಡಿ ಬೆಸೆದಿರ್ತಾವೆ. ಬೇರೆ ಬಂದೂಕಿನ ಜೋಡಿ ತಂದರೂ ಕೈಯಿಂದ ಅರ ಹಾಕಿ ಕೂರಿಸಬೇಕು. ನಮ್ಮ ಕಾಕಾನ ಬಂದೂಕಿನದ್ದೂ ಇದೇ ಕಥೆ. "ಅಪ್ಪನ ಕೈಯಾಗಿಂದು ತಮ್ಮಾ, ಹ್ಯಾಂಗ ಬಿಡ್ಲಿ?" ಅಂದ. ಲೆಕ್ಕ ಹಾಕಿದಾಗ ನಳಿಗೆ ಹುಡುಕಿ ಕೂರಿಸೋದಕ್ಕಿಂತ ಹೊಸ ಒಂಟಿನಳಿಗೆಗೆ ಅರ್ಜಿ ಹಾಕೋದೇ ಹಗುರ ಅನಿಸ್ತು.

ಸಣ್ಣ ಬೋರಿನ ರೈಫಲ್ ಯಾಕೆ ಬೇಡ?

ಬಂದೂಕಿನ ನಳಿಗೆ ಒಳಗೆ ನುಣುಪು, ಚೆರೆ ಚದುರಿ ಬೀಳ್ತದೆ. ರೈಫಲ್ ನಳಿಗೆಯಲ್ಲಿ ಸುರುಳಿ ಗೀರು ಇರ್ತದೆ, ಗುಂಡು ತಿರುಗುತ್ತ ದೂರ ಹೋಗ್ತದೆ. ಪಾಯಿಂಟ್ 22 ಗುಂಡು ಗುರಿ ತಪ್ಪಿದರೆ ಒಂದೂವರೆ ಕಿಲೋಮೀಟರ್ ಆಚೆಗೂ ಅಪಾಯ. ನಮ್ಮದು ಎರಿ ಬಯಲು, ಗುಂಡು ತಡೆಯಲು ಗುಡ್ಡ ಇಲ್ಲ. ಕಬ್ಬು ಕಡಿಯೋರು, ಕುರಿ ತರುಬಿಕೊಂಡು ಮಲಗಿದವರು ಎಲ್ಲಿ ಇರ್ತಾರೋ ಕತ್ತಲಲ್ಲಿ ಗೊತ್ತಾಗೋದಿಲ್ಲ. ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಹೇಳೋದು ಬಾಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದಿದ್ದರೆ ನುಣುಪು ನಳಿಗೆಯ ಬೇರೆ ಬಂದೂಕು. ಅದೇ ಸೆಕ್ಷನ್ ಪಾಯಿಂಟ್ 22 ರೈಫಲ್ ಹೆಸರು ಎತ್ತೋದು ರೈಫಲ್ ಕ್ಲಬ್ ಸದಸ್ಯರ ಗುರಿ ಅಭ್ಯಾಸಕ್ಕೆ. ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ ಅಂತ ಕೇಳ್ತೀರಿ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ವಿಜಯಪುರದ ರೈತರಿಗೆ ಅನ್ವಯ ಆಗೋದಿಲ್ಲ.

ನಳಿಗೆ ಸರಿ ಆಯ್ತು, ಹೊಡೆಯೋದು ಯಾವುದಕ್ಕೆ?

ಬಂದೂಕಿನ ಲೈಸೆನ್ಸ್ ಬೇಟೆಯ ಪರವಾನಗಿ ಅಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೆಳೆ ಹಾಳು ಮಾಡಿದ ಹಂದಿಯನ್ನೂ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಚಿಗರಿ, ನವಿಲು ಒಂದನೇ ಪಟ್ಟಿಯಲ್ಲಿವೆ. ಬೆಳೆ ತಿಂದವು ಅನ್ನೋ ಕಾರಣಕ್ಕೆ ಅವುಗಳ ಮೇಲೆ ಅನುಮತಿಯೂ ಸಿಗೋದಿಲ್ಲ.

ಅದಕ್ಕೇ ಮೊದಲ ಖರ್ಚು ಬೇಲಿಗೆ ಇರಲಿ ಅಂತೀನಿ. ಹಂದಿಗೆ ಸೋಲಾರ್ ಬೇಲಿಯ ಕೆಳತಂತಿ ನೆಲದಿಂದ ಒಂದು ಗೇಣು ಮೇಲಿರಬೇಕು, ಹುಲ್ಲು ತಾಗದಂತೆ ವಾರಕ್ಕೊಮ್ಮೆ ಸವರಬೇಕು. ಕರೆಂಟಿನ ಲೈನಿನಿಂದ ನೇರ ತಂತಿ ಎಳೆಯೋದು ಮಾತ್ರ ಬೇಡವೇ ಬೇಡ, ಅದು ಮನುಷ್ಯರನ್ನೂ ಕೊಲ್ತದೆ. ಬೆಳೆ ಹಾಳಾದರೆ ಅದೇ ದಿನ ಫೋಟೋ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಗಟ್ಟಿ ನಳಿಗೆ ಇರುವವರು ಅದನ್ನೇ ಜೋಪಾನ ಮಾಡಿ. ಕಪ್ಪು ಮದ್ದು ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಹಚ್ಚಿ. ಚುನಾವಣೆಗೆ ಠಾಣೆಯಲ್ಲಿ ಒಪ್ಪಿಸುವಾಗಲೂ ಒಳಗೆ ಹೊರಗೆ ಎಣ್ಣೆ ಹಚ್ಚೇ ಕೊಡಿ, ರಸೀದಿ ಇಸಗೊಳ್ಳಿ. ವಾಪಸ್ ತಂದ ದಿನ ಮೊದಲು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಟ್ರಂಕಿಗೆ ಇಡಿ.