ಗೊತ್ತಿದ್ದೂ ತಪ್ಪು ಮಾಡುವ ಮಗು ಹಟಮಾರಿಯಲ್ಲ

ಬೇಡವೆಂದರೂ ಕೈ ಹಾಕುವುದು, ಹೇಳಿದ್ದನ್ನು ಮರೆಯುವುದು, ಆಟ ಬಿಟ್ಟು ಏಳೆಂದರೆ ರಂಪ ಮಾಡುವುದು: ಪುಟ್ಟ ಮಕ್ಕಳ ಮೇಲೆ ಈ ದೂರು ಇಲ್ಲದ ಮನೆ ಅಪರೂಪ. ಆಸೆಯನ್ನು ತಡೆಹಿಡಿಯುವುದು, ಹೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು, ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳುವುದು, ಈ ಮೂರನ್ನೂ ಸೇರಿಸಿ ಮನೋವಿಜ್ಞಾನಿಗಳು ‘ಎಕ್ಸಿಕ್ಯೂಟಿವ್ ಫಂಕ್ಷನ್’ ಎನ್ನುತ್ತಾರೆ. ಅದರ ಬಗ್ಗೆ ದೊಡ್ಡವರ ತಪ್ಪು ತಿಳಿವಳಿಕೆಗೆ ಬೈಗುಳ ತಿನ್ನುವುದು ಮಗು.

ತಪ್ಪು ಕಲ್ಪನೆ: ನಿಯಮ ಗೊತ್ತಿದ್ದೂ ಮೀರಿದರೆ ಅದು ಹಟ.
ಸತ್ಯ: ಕೆನಡಾದ ಫಿಲಿಪ್ ಝೆಲಾಜೊ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ಕಾರ್ಡ್ ಆಟ, ಅದು ಹಟವಲ್ಲ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಮಗುವಿನ ಮುಂದೆ ಎರಡು ಡಬ್ಬಿ. ಒಂದರ ಮೇಲೆ ನೀಲಿ ಮೊಲ, ಇನ್ನೊಂದರ ಮೇಲೆ ಕೆಂಪು ದೋಣಿ. ಕೈಯಲ್ಲಿ ಕೆಂಪು ಮೊಲದ ಕಾರ್ಡ್. ಮೊದಲು ಬಣ್ಣ ನೋಡಿ ಹಾಕಬೇಕು. ಮಗು ಸರಿಯಾಗಿ ಹಾಕುತ್ತದೆ. ಆಮೇಲೆ ಆಕಾರ ನೋಡಿ ಹಾಕು ಎನ್ನುತ್ತಾರೆ. ‘ಮೊಲ ಎಲ್ಲಿಗೆ ಹೋಗಬೇಕು?’ ಎಂದು ಕೇಳಿದರೆ ಮೂರು ವರ್ಷದ ಮಗು ಸರಿಯಾದ ಡಬ್ಬಿಯನ್ನೇ ತೋರಿಸುತ್ತದೆ. ಕಾರ್ಡ್ ಮಾತ್ರ ಹಳೆಯ ಡಬ್ಬಿಗೇ ಬೀಳುತ್ತದೆ. ಐದರ ಹೊತ್ತಿಗೆ ಹೆಚ್ಚಿನ ಮಕ್ಕಳು ಹೊಸ ನಿಯಮಕ್ಕೆ ಸಲೀಸಾಗಿ ಹೊರಳುತ್ತಾರೆ. ಅರಿವು ಮೊದಲು ಬರುತ್ತದೆ, ಹಿಡಿತ ಆಮೇಲೆ.

ತಪ್ಪು ಕಲ್ಪನೆ: ತಾಳ್ಮೆ ಹುಟ್ಟುಗುಣ.
ಸತ್ಯ: ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅವರ ಮಾರ್ಷ್‌ಮ್ಯಾಲೊ ಪ್ರಯೋಗ ಪ್ರಸಿದ್ಧ: ಈಗಲೇ ತಿಂದರೆ ಒಂದು ಮಿಠಾಯಿ, ಕಾದರೆ ಎರಡು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಪ್ರಯೋಗಕ್ಕೆ ಮೊದಲು ಕೆಲವು ಮಕ್ಕಳಿಗೆ ಒಳ್ಳೆಯ ಬಣ್ಣದ ಕಡ್ಡಿ ತರುವುದಾಗಿ ಹೇಳಿ ತರಲಿಲ್ಲ, ಉಳಿದವರಿಗೆ ತಂದುಕೊಟ್ಟರು. ಮಾತು ತಪ್ಪಿದವರನ್ನು ಕಂಡ ಮಕ್ಕಳು ಸರಾಸರಿ 3 ನಿಮಿಷ ಕಾದರು. ಮಾತು ಉಳಿಸಿಕೊಂಡವರನ್ನು ಕಂಡವರು 12 ನಿಮಿಷ. ಕಾಯುವುದರಲ್ಲಿ ದೊಡ್ಡವರ ಮೇಲಿನ ನಂಬಿಕೆಗೂ ಪಾಲಿದೆ.

ತಪ್ಪು ಕಲ್ಪನೆ: ಮೆದುಳು ಚುರುಕಾಗಿಸುವ ಆ್ಯಪ್ ಇದ್ದರೆ ಸಾಕು.
ಸತ್ಯ: ಇಂಥ ಆ್ಯಪ್‌ಗಳಿಂದ ಹೆಚ್ಚಾಗಿ ಸುಧಾರಿಸುವುದು ಆ ಆಟದ ಅಂಕ ಮಾತ್ರ. ಅದರ ಬದಲು ನಮ್ಮ ಕೆರೆ-ದಡ ಆಟವನ್ನೇ ನೋಡಿ. ‘ದಡ’, ‘ದಡ’ ಎಂದು ಒಂದೇ ಸಮನೆ ಕೂಗುವಾಗ ಜಿಗಿಯಲು ಹೊರಟ ಕಾಲನ್ನು ತಡೆಯಬೇಕು, ಕಿವಿ ನೆಟ್ಟಿರಬೇಕು, ‘ಕೆರೆ’ ಎಂದೊಡನೆ ಹಾರಬೇಕು. ಮೂರೂ ಸಾಮರ್ಥ್ಯಗಳಿಗೆ ಇಲ್ಲಿ ಕೆಲಸವಿದೆ.

ತಪ್ಪು ಕಲ್ಪನೆ: ಶಾಲೆಗೆ ಸೇರುವಷ್ಟರಲ್ಲಿ ಇದೆಲ್ಲ ಬಂದಿರಬೇಕು.
ಸತ್ಯ: ಮೊದಲ ಹುಟ್ಟುಹಬ್ಬದೊಳಗೇ ಚಿಗುರುವ ಈ ಶಕ್ತಿ ಮೂರರಿಂದ ಐದರ ನಡುವೆ ಭರದಿಂದ ಬೆಳೆಯುತ್ತದೆ. ಅದಕ್ಕೆ ಆಧಾರವಾದ ಮೆದುಳಿನ ಮುಂಭಾಗ ಪೂರ್ತಿ ಪಕ್ವವಾಗುವುದು ಇಪ್ಪತ್ತೈದರ ಆಸುಪಾಸಿನಲ್ಲಿ.

ಆದ್ದರಿಂದ ಒಂದು ಸಲಕ್ಕೆ ಒಂದೇ ಮಾತು ಹೇಳಿ. ಆಟ ನಿಲ್ಲಿಸುವ ಮುನ್ನ ಸೂಚನೆ ಕೊಡಿ. ಕೊಟ್ಟ ಮಾತು ಉಳಿಸಿಕೊಳ್ಳಿ. ಬೆಳೆಯುತ್ತಿರುವ ಶಕ್ತಿಗೆ ಬೇಕಾದದ್ದು ಅಭ್ಯಾಸ ಮತ್ತು ಸಮಯ, ಶಿಕ್ಷೆಯಲ್ಲ.